ದೀಪ ದೊಡ್ಡದಾದ ದಿನ

ನಮ್ಮ ಮನೆಯಲ್ಲಿ 'ದೀಪ ಆರಿಸು' ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ. ಮಲಗುವ ಮುಂಚೆ ನನ್ನ ಅತ್ತೆ, 'ದೀಪ ದೊಡ್ಡದು ಮಾಡವ್ವ' ಎನ್ನುತ್ತಿದ್ದರು. ಆರುವುದು, ನಂದುವುದು ಎಂಬ ಮಾತು ಮನೆಯೊಳಗೆ ಕೇಳಬಾರದು, ಅದಕ್ಕೇ ತಿರುಗಿಸಿ ಹೇಳುವುದು. ನನ್ನ ತವರಿನಲ್ಲಿ ಈ ರೂಢಿ ಇರಲಿಲ್ಲ. ಮದುವೆಯಾಗಿ ದೇವದುರ್ಗಕ್ಕೆ ಬಂದ ಹೊಸತರಲ್ಲಿ ಅತ್ತೆ ಹಾಗೆಂದಾಗ ನಾನು ಬತ್ತಿಯನ್ನು ಮುಂದಕ್ಕೆ ಸರಿಸಿ, ಎಣ್ಣೆ ಸುರಿದು, ಉರಿಯನ್ನು ನಿಜವಾಗಿಯೂ ದೊಡ್ಡದು ಮಾಡಿಬಿಟ್ಟೆ. ಗೂಡೆಲ್ಲ ಮಸಿ ಹಿಡಿಯಿತು. ಅತ್ತೆ ನಕ್ಕರು, ಓಣಿಯವರೂ ನಕ್ಕರು. 'ಇವಳಿಗೆ ದೀಪದ ಕೆಲಸ ಹೇಳಬ್ಯಾಡ್ರಿ, ಮನಿ ಸುಡ್ತಾಳ' ಎಂದು ನಿಮ್ಮ ಅಜ್ಜ ಎಷ್ಟೋ ವರ್ಷ ಕಾಡಿದರು.

ಅದೇ ಮಾತನ್ನು ಇನ್ನೊಂದು ಅರ್ಥದಲ್ಲಿ ಕೇಳಿದ್ದು ಅವರು ತೀರಿಕೊಂಡ ದಿನ. ಮಟಮಟ ಮಧ್ಯಾಹ್ನ. ನಾನು ಜೋಳದ ಹಿಟ್ಟು ನಾದುತ್ತಿದ್ದೆ. ದವಾಖಾನೆಯಿಂದ ನನ್ನ ಮೈದುನ ಬಂದು ಹೊಸ್ತಿಲ ಹೊರಗೇ ನಿಂತು, 'ಅತ್ತಿಗಿ, ದೀಪ ದೊಡ್ಡದಾತು' ಎಂದ. ನಾನು ತಿರುಗಿ ಗೂಡಿನ ಕಡೆ ನೋಡಿದೆ. ಹಗಲು ಹೊತ್ತು, ದೀಪವನ್ನು ಹಚ್ಚಿರಲೇ ಇಲ್ಲ. ಆಮೇಲೆ ತಿಳಿಯಿತು. ನಿಮ್ಮಮ್ಮ ಆಗ ರಾಯಚೂರಿನ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದಳು. ಅಪ್ಪನಿಗೆ ಹುಷಾರಿಲ್ಲ, ಬಾ ಎಂದಷ್ಟೇ ಅವಳಿಗೆ ಹೇಳಿ ಕಳಿಸಿದ್ದರು. ಮೈದುನ ಆಡಿದ ಮಾತು ಅವಳ ಕಿವಿಗೆ ಬೀಳಲಿಲ್ಲ, ನಾನೂ ಎಂದೂ ಹೇಳಲಿಲ್ಲ. ಅವಳಿಗೆ ಅದು ಮಲಗುವ ಹೊತ್ತಿನ ಮಾತಾಗಿಯೇ ಉಳಿಯಿತು. ನನಗೆ ಮಾತ್ರ ಅಂದಿನಿಂದ ಅದು ಬೇರೆ ಮಾತಾಯಿತು.

ದೊಡ್ಡವಳೇ, ನಾನು ಹೇಳಹೊರಟ ದಿನ ನೀನು ನನ್ನ ಜೊತೆಗೇ ಇದ್ದೆ. ಆದರೆ ನಾನು ಯಾಕೆ ಅಷ್ಟು ಅಂಜಿದ್ದೆ ಎಂಬುದು ನಿನಗೆ ಗೊತ್ತಿಲ್ಲ. ನಿನ್ನ ತಮ್ಮ ಇನ್ನೂ ಹುಟ್ಟಿರಲಿಲ್ಲ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತದ್ದರಿಂದ ಬರೆಯಲು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಮ್ಮ ರಾಯಚೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಆ ಚಳಿಗಾಲ ಒಂದು ತಂಡದ ಜೊತೆ ಉತ್ತರ ಧ್ರುವದ ಹತ್ತಿರದ ಹಿಮದ ನಾಡಿಗೆ ಹೋದಳು. ಅಲ್ಲಿ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯ ಹುಟ್ಟುವುದೇ ಇಲ್ಲವಂತೆ. ನಿನ್ನನ್ನು ನೋಡಿಕೊಳ್ಳಲು ನಾನು ದೇವದುರ್ಗದ ಮನೆಗೆ ಬೀಗ ಹಾಕಿ ರಾಯಚೂರಿಗೆ ಬಂದೆ. ಬರುವಾಗ ನಮ್ಮ ಬುದ್ಧನ ಪಟವನ್ನೂ ದೀಪವನ್ನೂ ತಂದು ಇಲ್ಲಿಯ ಗೂಡಿನಲ್ಲಿಟ್ಟೆ.

ಹೋಗುವ ಮುಂಚೆ ಅವಳು ನನಗೆ ತಿಳಿಸಿ ಹೇಳಲು ನೋಡಿದಳು. ನಾನು ಅವಳ ಚೀಲಕ್ಕೆ ಶೇಂಗಾ ಚಟ್ನಿ ಕಟ್ಟುತ್ತಿದ್ದೆ.

'ಅಲ್ಲಿ ಆಕಾಶದಾಗ ಬೆಳಕು ಏಳ್ತದ ಯವ್ವಾ. ಹಸರು, ಕೆಂಪು. ಒಮ್ಮೊಮ್ಮೆ ಆ ಬೆಳಕು ಸುಳಿಯಾಗಿ ತಿರುಗ್ತದ. ಅದಕ್ಕ ಬಾಹ್ಯಾಕಾಶದ ಚಂಡಮಾರುತ ಅಂತ ಹೆಸರಿಟ್ಟಾರ.'

'ಚಂಡಮಾರುತಾ? ಅದನ್ನ ನೋಡಾಕ ಹೊಂಟೀಯೇನು?'

'ನೆಲದ ಮ್ಯಾಗಿನ ಗಾಳಿ ಅಲ್ಲ ಅದು. ವಿಮಾನ ಹಾರೋದಕ್ಕಿಂತ ಎಷ್ಟೋ ಮ್ಯಾಲ ಆಗ್ತದ. ಅಲ್ಲಿ ಗಾಳಿ ಇದ್ದೂ ಇಲ್ಲದಂಗ. ಸೂರ್ಯನ ಕಡಿಂದ ಬಂದ ವಿದ್ಯುತ್ತಿನ ಕಣ ತಿರುಗ್ತಾವ, ಮಳಿ ಸುರಿದಂಗ ಕೆಳಗ ಸುರೀತಾವ. ನಮಗೇನೂ ಆಗಂಗಿಲ್ಲ. ರೇಡಿಯೋ, ಫೋನು ಅಷ್ಟ ಕೆಡ್ತಾವ.'

ಇಷ್ಟನ್ನೂ ಹೇಳಿದ್ದಳು. ನನ್ನ ತಲೆಯಲ್ಲಿ ಉಳಿದದ್ದು ಚಂಡಮಾರುತ ಎಂಬ ಒಂದೇ ಮಾತು.

ಅಲ್ಲಿಗೆ ಹೋದ ಮೇಲೆ ದಿನಾ ಸಂಜೆ ಫೋನ್ ಮಾಡುತ್ತಿದ್ದಳು. 'ಇವತ್ತೂ ಏನೂ ಇಲ್ಲ ಯವ್ವಾ. ಸೂರ್ಯ ಸುಮ್ಮನ ಮಲಗ್ಯಾನ' ಎನ್ನುವಳು. ಆ ಸುಳಿ ಹೆಚ್ಚಾಗಿ ಅಲ್ಲಿಯ ಬೇಸಿಗೆಯಲ್ಲಿ, ಸೂರ್ಯ ಮುಳುಗದ ತಿಂಗಳುಗಳಲ್ಲಿ ಏಳುವುದಂತೆ, ಆಗ ಕಣ್ಣಿಗೆ ಕಾಣುವುದಿಲ್ಲವಂತೆ. ಕತ್ತಲೆಯ ಕಾಲದಲ್ಲಿ ಎದ್ದರೆ ಕಣ್ಣಾರೆ ನೋಡಬಹುದು ಎಂಬುದು ಅವಳ ಆಸೆ. ಬರಿಗೈಯಲ್ಲಿ ವಾಪಸ್ಸು ಬರುತ್ತೇನೋ ಏನೋ ಎಂದು ಕೊರಗುತ್ತಿದ್ದಳು. ಆಮೇಲೆ ಅವಳನ್ನೂ ಇನ್ನೊಬ್ಬ ಹೆಣ್ಣುಮಗಳನ್ನೂ ದೊಡ್ಡ ಕೇಂದ್ರದಿಂದ ದೂರ, ಹಿಮದ ನಡುವಿನ ಒಂದು ಗುಡಿಸಲಿಗೆ ಕಳಿಸಿದರು. ಅಲ್ಲಿ ಫೋನ್ ಇಲ್ಲ. ಕೇಂದ್ರದ ಜೊತೆ ಮಾತಾಡಲು ರೇಡಿಯೋ, ಮನೆಗೆ ನಾಲ್ಕು ಮಾತು ಬರೆದು ಕಳಿಸಲು ಉಪಗ್ರಹದ ಒಂದು ಸಣ್ಣ ಯಂತ್ರ, ಅಷ್ಟೇ. ಆ ಯಂತ್ರಕ್ಕೆ ಇಲ್ಲಿಂದ ಉತ್ತರ ಹೋಗುವುದಿಲ್ಲ. ಚಳಿಗೆ ಒಂದು ಎಣ್ಣೆ ಒಲೆ.

ಒಂದು ಶನಿವಾರ ಮುಂಜಾನೆ ನಿಮ್ಮಪ್ಪ ಮಾನ್ವಿಗೆ ಹೋದ ಮೇಲೆ ನನ್ನ ಫೋನ್ ಗುಂಯ್ ಎಂದಿತು. ನಿಮ್ಮಪ್ಪ ಮಾನ್ವಿಯ ದನದ ದವಾಖಾನೆಯಲ್ಲಿ ಡಾಕ್ಟರು, ದಿನಾ ಬಸ್ಸಿನಲ್ಲಿ ಹೋಗಿ ಬರುವವರು. ಸಂದೇಶದಲ್ಲಿ ನಮ್ಮ ಮಾತೇ ಇತ್ತು, ಆದರೆ ಇಂಗ್ಲಿಷ್ ಅಕ್ಷರದಲ್ಲಿತ್ತು. ನನಗೆ ಓದಲು ಬರಲಿಲ್ಲ. ಜಡೆ ಹಾಕಿಸಿಕೊಳ್ಳುತ್ತಿದ್ದ ನಿನ್ನ ಕೈಗೆ ಕೊಟ್ಟೆ. ನೀನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ.

'ಯ-ವ್ವಾ. ದೀ-ಪ ದೊಡ್-ಡ-ದಾ-ತು. ಇನ್-ನ ಮಾ-ತಾ-ಡಾಕ ಆ-ಗಂ-ಗಿಲ್-ಲ.'

ನನ್ನ ಕೈಯಲ್ಲಿದ್ದ ನಿನ್ನ ಜಡೆ ಬಿಚ್ಚಿಹೋಯಿತು.

'ಇನ್ನೊಮ್ಮೆ ಓದು.'

'ಅದ ಅದ ಅಜ್ಜಿ. ದೀಪ ದೊಡ್ಡದಾತು. ಅಮ್ಮಗ ಆಕಾಶದ ಲೈಟ್ ಕಾಣಿಸ್ಯಾವ! ಚಲೋ ಆತಲ್ಲ?'

'ಹೂಂ' ಎಂದೆ. ಗೂಡಿನ ದೀಪ ಉರಿಯುತ್ತಲೇ ಇತ್ತು. ನನಗೆ ಕಂಡದ್ದು ಹೊಸ್ತಿಲಾಚೆ ನಿಂತ ಮೈದುನನ ಮುಖ. ನಿನಗೆ ಆ ರೂಢಿ ಗೊತ್ತಿರಲಿಲ್ಲ. ಸ್ವಿಚ್ಚಿನ ಮನೆಯಲ್ಲಿ ಬೆಳೆದವಳು, ಬಂದ್ ಮಾಡು ಎನ್ನುವುದೇ ನಿನಗೆ ಗೊತ್ತು. ನೀನು ಹೇಳಿದ್ದೇ ನಿಜವಿರಬಹುದು ಎಂದು ಮನಸ್ಸಿಗೆ ಹೇಳಿಕೊಂಡೆ. ಆದರೆ ನಿಮ್ಮಮ್ಮ ಆ ಬೆಳಕನ್ನು ಎಂದೂ ದೀಪ ಎಂದಿರಲಿಲ್ಲ. ಅದಕ್ಕೂ ಹೆಚ್ಚಾಗಿ, ಇನ್ನು ಮಾತಾಡಲು ಆಗುವುದಿಲ್ಲ ಎಂದು ಯಾಕೆ ಬರೆದಳು? ಅಷ್ಟು ಒಳ್ಳೆಯದಾಗಿದ್ದರೆ ಆ ಮಾತು ಯಾಕೆ?

ನಿಮ್ಮಪ್ಪನಿಗೆ ಫೋನ್ ಹಚ್ಚಿದೆ. ರಿಂಗಾಗುತ್ತಿತ್ತು, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಆ ಊರಿನಲ್ಲಿ ನನಗೆ ಬೇರೆ ಯಾರೂ ಗೊತ್ತಿರಲಿಲ್ಲ. ಪಕ್ಕದ ಮನೆಯವರ ಬಾಗಿಲು ತಟ್ಟಿ ಹೀಗೆ ಹೀಗೆ ಎನ್ನಲು ಧೈರ್ಯವಾಗಲಿಲ್ಲ. ಅಂದಿನ ಶಾಲೆ ತಪ್ಪಿಸಿ, ಅರ್ಧ ಜಡೆಯಲ್ಲೇ ನಿನ್ನ ಕೈ ಹಿಡಿದು ಬಸ್ ನಿಲ್ದಾಣಕ್ಕೆ ನಡೆದೆ.

ಬಸ್ಸು ಹತ್ತಿದ ಮೇಲೆ ನೆನಪಾಯಿತು, ಹೆಂಗಸರ ಪುಕ್ಕಟೆ ಚೀಟಿಗೆ ತೋರಿಸಬೇಕಾದ ಆಧಾರ್ ಕಾರ್ಡ್ ಮನೆಯಲ್ಲೇ ಉಳಿದಿತ್ತು. ಕಂಡಕ್ಟರ್ ಬಂದು ಕೇಳಿದಾಗ ನಾನು ಸೆರಗಿನ ಗಂಟು ತಡಕಿದೆ.

'ಅಜ್ಜಿ ಮರ್ತು ಬಂದಾಳ್ರಿ' ಎಂದೆ ನೀನು.

'ನಿಮ್ಮಜ್ಜಿ ಮುಖಾನ ಆಧಾರ್ ಬಿಡವ್ವ' ಎಂದು ಆತ ನಕ್ಕು ಚೀಟಿ ಹರಿದು ಕೊಟ್ಟ. 'ನಾಳಿಂದ ಮುಖ ಮರ್ತು ಬರಬ್ಯಾಡ್ರಿ ಅಮ್ಮಾ, ಅಷ್ಟ.'

ಸುತ್ತಲಿನವರು ನಕ್ಕರು. ಬೇರೆ ದಿನವಾಗಿದ್ದರೆ ನಾನು ನಾಚಿ ಸಾಯುತ್ತಿದ್ದೆ. ಅಂದು ಏನೂ ಅನ್ನಿಸಲಿಲ್ಲ.

ಕಲ್ಮಲದಲ್ಲಿ ಹತ್ತಿದ ಒಬ್ಬ ಹೆಂಗಸು ಮೆಣಸಿನಕಾಯಿಯ ಚೀಲವನ್ನು ಕಾಲ ಬಳಿ ತುರುಕಿ ನನ್ನ ಪಕ್ಕ ಕೂತಳು. ಒಂದು ಗಳಿಗೆ ನನ್ನ ಮುಖ ನೋಡಿದಳು.

'ಯಾಕ್ರಿ ಅಕ್ಕಾ, ಭಾಳ ಪರೇಶಾನ್ ಆಗೀರಿ?'

'ಮಗಳು ದೂರ ಅದಾಳ. ಸುದ್ದಿ ಇಲ್ಲ.'

'ಎಲ್ಲಿ ಕೊಟ್ಟೀರಿ? ಸಿಂಧನೂರಿಗಾ?'

'ಇನ್ನೂ ದೂರ.'

'ಗಂಗಾವತಿ?'

'ಉತ್ತರ ಧ್ರುವ!' ಎಂದೆ ನೀನು.

'ಅದು ಯಾವ ತಾಲೂಕಿನಾಗ ಬರ್ತದ ಬೇ?'

ನೀನು ಅವಳಿಗೆ ಭೂಗೋಳ ಹೇಳತೊಡಗಿದೆ. ಅಷ್ಟರಲ್ಲಿ ಮುಂದಿನ ಸೀಟಿನವನ ಫೋನಿನಿಂದ ಒಂದು ದನಿ ಜೋರಾಗಿ ಕೂಗಿತು: ಉತ್ತರ ಧ್ರುವದ ನೆತ್ತಿಯ ಮೇಲೆ ಭಯಾನಕ ಚಂಡಮಾರುತ, ವಿಜ್ಞಾನಿಗಳಿಗೇ ನಡುಕ! ಅವನು ಬೆರಳಿನಿಂದ ಅದನ್ನು ಸರಿಸಿಬಿಟ್ಟ. ಆಮೇಲೆ ಯಾವುದೋ ಹಾಸ್ಯ ಬಂತು.

ಪರ ಗಂಡಸರನ್ನು ನಾನು ಎಂದೂ ಮಾತಾಡಿಸಿದವಳಲ್ಲ. ಅಂಗಡಿಯಲ್ಲಿಯೂ ಸಾಮಾನಿನ ಕಡೆ ಬೆರಳು ತೋರಿಸುವವಳು. ಅಂದು ಎದ್ದು ನಿಂತು ಅವನ ಭುಜ ಮುಟ್ಟಿದೆ.

'ಯಪ್ಪಾ, ಈಗ ಬಂದಿದ್ದನ್ನ ಇನ್ನೊಮ್ಮೆ ಹಚ್ಚು.'

ಅವನು ತಿರುಗಿ ನನ್ನ ಮುಖ ನೋಡಿ ಏನೂ ಕೇಳದೆ ಹಚ್ಚಿದ. ಕಪ್ಪು ಆಕಾಶದಲ್ಲಿ ಹಸಿರು ಸುಳಿ ತಿರುಗುತ್ತಿತ್ತು, ನಡುವೆ ಕಣ್ಣಿನಂಥ ತೂತು. ಹಿಂದಿನಿಂದ ಢಮಢಮ ಸದ್ದು. ನಿನ್ನ ಹಣೆಯನ್ನು ನನ್ನ ಮಗ್ಗುಲಿಗೆ ಒತ್ತಿಕೊಂಡೆ, ನೀನು ನೋಡದಿರಲಿ ಎಂದು. ಕಲ್ಲೂರು ಯಾವಾಗ ದಾಟಿತೋ ತಿಳಿಯಲಿಲ್ಲ.

ದನದ ದವಾಖಾನೆಯ ಅಂಗಳದಲ್ಲಿ ಎಮ್ಮೆ, ಆಡು, ಜನ ತುಂಬಿದ್ದರು. ನಿಮ್ಮಪ್ಪ ಕಟ್ಟಿಗೆಯ ಅಡ್ಡಪಟ್ಟಿಯ ನಡುವೆ ಕಟ್ಟಿದ ಒಂದು ಎಮ್ಮೆಯ ಹಿಂದೆ, ಭುಜದವರೆಗೆ ಕೈ ಒಳಗೆ ಹಾಕಿ ಕರು ತಿರುಗಿಸುತ್ತಿದ್ದರು. ಫೋನ್ ಯಾಕೆ ಎತ್ತಲಿಲ್ಲ ಎಂಬುದು ಆಗ ತಿಳಿಯಿತು.

'ಅತ್ತಿ? ನೀವ್ಯಾಕ ಬಂದ್ರಿ? ಕೂಸಿಗೆ ಏನಾತು?'

'ಸಾಹೇಬ್ರ, ಕೈ ತೆಗಿಬ್ಯಾಡ್ರಿ' ಎಂದು ಎಮ್ಮೆಯವನು ಕೂಗಿದ. 'ಈ ಮುದಿ ಎಮ್ಮಿ ಒದ್ದಿತಂದ್ರ ಕಲ್ಲೂರಿಗೇ ಹೋಗಿ ಬೀಳ್ತೀರಿ.'

ನೀನು ಫೋನನ್ನು ನಿಮ್ಮಪ್ಪನ ಮುಖದ ಮುಂದೆ ಹಿಡಿದೆ. ಅವರು ಹಾಗೇ ಬಗ್ಗಿ ಓದಿದರು. ಅವರ ಮುಖದ ನಗು ಹೋದದ್ದನ್ನು ನಾನು ನೋಡಿದೆ. ಅವರು ನಗಲಿ, ಏನಿಲ್ಲ ಅತ್ತಿ ಅನ್ನಲಿ ಎಂದೇ ಅಷ್ಟು ದೂರ ಹೋಗಿದ್ದೆ.

'ನಮ್ಮವ್ವನೂ ಹಿಂಗ ಅಂತಿದ್ಲು' ಎಂದರು ಮೆಲ್ಲಗೆ.

ಆ ಕೆಲಸ ನಡುವೆ ಬಿಡುವಂಥದ್ದಲ್ಲ. ಅವರು ಹಲ್ಲು ಕಚ್ಚಿ ಕರು ಎಳೆದರು, ನಾವು ಕಾದೆವು. ಕರು ಜೀವಂತ ಬಿತ್ತು. ಎಮ್ಮೆಯವನು ಖುಷಿಯಿಂದ ಏನೋ ಹೇಳುತ್ತಿದ್ದ, ನಿಮ್ಮಪ್ಪ ಕೈ ತೊಳೆದುಕೊಂಡು ನನ್ನನ್ನು ಬೇವಿನ ಮರದ ಕಡೆ ಕರೆದರು.

'ಅತ್ತಿ, ನೀವು ತಿಳಕೊಂಡಂಗ ಆಗಿದ್ರ ಆಕಿ ತಾನೇ ಬರೀತಿದ್ಲೇನ್ರಿ?'

'ಜೋಡಿ ಇದ್ದವಳಿಗೆ ಏನಾರ ಆಗಿದ್ರ?'

'ಬರೇ ದೀಪಾನೇ ಹೋಗಿರಬೇಕು. ಗುಡಿಸಲದಾಗಿನ ಲೈಟು' ಎಂದರು ಅವರು.

'ಒಲಿ?'

ಅಂಥ ಚಳಿಯಲ್ಲಿ ಒಲೆ ಆರಿದರೆ ಏನಾಗುತ್ತದೆ ಎಂದು ಹೇಳಲು ಡಾಕ್ಟರೇ ಬೇಕೆಂದಿಲ್ಲ. ಅವರು ಕೇಂದ್ರದ ನಂಬರಿಗೆ ಹಚ್ಚಿ ಇಂಗ್ಲಿಷಿನಲ್ಲಿ ಮಾತಾಡಿದರು. ನಾನು ಅವರ ಹುಬ್ಬುಗಳನ್ನೇ ನೋಡುತ್ತಿದ್ದೆ. ಇಟ್ಟ ಮೇಲೆ ನನ್ನಿಂದ ಏನನ್ನೂ ಮುಚ್ಚಿಡಲಿಲ್ಲ, ಅದಕ್ಕೆ ಇಂದಿಗೂ ಅವರ ಮೇಲೆ ನನಗೆ ಗೌರವ. ಮೇಲೆ ದೊಡ್ಡ ಸುಳಿ ಎದ್ದಿದೆ, ರೇಡಿಯೋ ಬರೀ ಗರಗರ ಎನ್ನುತ್ತಿದೆ, ಗುಡಿಸಲಿನಿಂದ ಮಾತು ಬಂದಿಲ್ಲ. ಇಂಥ ಹೊತ್ತಿನಲ್ಲಿ ಹೀಗಾಗುವುದು ಹೊಸತಲ್ಲ. ಇನ್ನೂ ಕೆಲವು ತಾಸು ಮಾತು ಬರದಿದ್ದರೆ ಗಾಡಿ ಕಳಿಸುತ್ತೇವೆ ಎಂದರಂತೆ. ಬಸ್ಸಿನ ವಿಡಿಯೋದ ಸುದ್ದಿ ಹೇಳಿದೆ. ಅವರು ತಮ್ಮ ಫೋನಿನಲ್ಲಿ ಹುಡುಕಿ, 'ಇದು ಹಳೇದು ಅತ್ತಿ, ಚಿತ್ರಾನೂ ಖರೇದಲ್ಲ' ಎಂದರು. ಅದರಿಂದ ನನಗೆ ಸಮಾಧಾನವಾಗಲಿಲ್ಲ. ಸುಳಿ ಮಾತ್ರ ಖರೇ ಎದ್ದಿತ್ತಲ್ಲ.

ಆ ಮಧ್ಯಾಹ್ನ ಬೇವಿನ ಕಟ್ಟೆಯ ಮೇಲೆ ಕೂತಿದ್ದೆ. ನೀನು ಹುಟ್ಟಿದ ಕರುವಿಗೆ ಹೆಸರಿಡುತ್ತಾ ಓಡಾಡುತ್ತಿದ್ದೆ. ನಿಮ್ಮಪ್ಪ ಒಂದೊಂದು ದನ ನೋಡಿ ಒಮ್ಮೊಮ್ಮೆ ಫೋನ್ ನೋಡುವರು, ನಾನು ಅವರನ್ನು ನೋಡುವೆನು, ಅವರು ತಲೆ ಅಲ್ಲಾಡಿಸುವರು. ಯಾರೋ ಚಹಾ ತಂದುಕೊಟ್ಟರು, ಅದರ ಮೇಲೆ ಕೆನೆ ಕಟ್ಟಿತು. ಆರುವುದು ಎಂಬ ಮಾತು ಬಾಯಿಗೆ ಬಂದಾಗಲೆಲ್ಲ ನುಂಗುತ್ತಿದ್ದೆ, ನಾನು ಆಡಿದರೆ ಅಲ್ಲಿ ಆಗಿಬಿಡುತ್ತದೆಂಬಂತೆ.

ಬಿಸಿಲು ಇಳಿದ ಮೇಲೆ ಮೂವರೂ ರಾಯಚೂರಿನ ಬಸ್ಸು ಹತ್ತಿದೆವು. ಕಲ್ಲೂರಿನಲ್ಲಿ ಬಸ್ಸು ನಿಂತು ಜನ ಇಳಿಯುತ್ತಿರುವಾಗ ನಿಮ್ಮಪ್ಪನ ಫೋನ್ ಹೊಡೆದುಕೊಂಡಿತು. ಕೇಂದ್ರದ ನಂಬರು. ಅವರು ಕಿವಿಗಿಟ್ಟುಕೊಂಡು, 'ಹಲೋ' ಎಂದರು. ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ಏನೂ ಹೇಳದೆ ಫೋನನ್ನು ನನ್ನ ಕೈಗಿಟ್ಟರು. ನನಗೆ ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯಲಿಲ್ಲ.

'ಯವ್ವಾ, ಕೇಳಸ್ತದೇನು?' ನಿಮ್ಮಮ್ಮನ ದನಿ, ಕೊಡದೊಳಗಿಂದ ಬಂದಂತೆ. ಕೇಂದ್ರದವರು ರೇಡಿಯೋದ ಮುಂದೆ ಫೋನ್ ಹಿಡಿದಿದ್ದರಂತೆ.

'ದೀಪ ಆರಿತೇನು?' ಎಂದೆ.

'ಆಂ?'

ಎಂಜಿನ್ನಿನ ಸದ್ದು, ಕಂಡಕ್ಟರನ ಸೀಟಿ, ಮಂದಿ. ನಾನು ಬಸ್ಸಿನ ನಡುವೆ ನಿಂತು ಕೂಗಿದೆ, 'ದೀಪ ಆರಿತೇನು ಅಂತ ಕೇಳಾಕತ್ತೀನಿ! ಆರಿತೋ ಇಲ್ಲೋ? ಒಲಿ ಆರಿತೇನು? ನಿನ್ನ ಜೋಡಿ ಇದ್ದಾಕಿ ಚಂದ ಅದಾಳೇನು? ತಿರುಗಿಸಿ ಹೇಳಬ್ಯಾಡ, ಇದ್ದದ್ದು ಹೇಳು!'

ಬಸ್ಸಿನವರೆಲ್ಲ ನನ್ನ ಕಡೆ ತಿರುಗಿದರು. ಡ್ರೈವರನೂ ತಿರುಗಿ ನೋಡಿದ.

'ಯಾವ ದೀಪ ಯವ್ವಾ?'

'ನೀನ ಬರದೀಯಲ್ಲ, ದೀಪ ದೊಡ್ಡದಾತು ಅಂತ.'

ಆ ಕಡೆ ಬರೀ ಗರಗರ. ಹೋಯಿತೇನೋ ಎಂದುಕೊಂಡೆ. ಆಮೇಲೆ ಅವಳು ಅಂದಳು, 'ಅಯ್ಯೋ ಯವ್ವಾ. ನಾ ಖರೇನ ದೊಡ್ಡದಾತು ಅಂದೆ. ಆಕಾಶದಾಗಿಂದು. ನಿನಗ ತಿಳಿಯೋ ಮಾತಿನಾಗ ಹೇಳಬೇಕಂತ ದೀಪ ಅಂತ ಬರದೆ. ರೇಡಿಯೋ ಕೆಡಾಕತ್ತಿತ್ತು, ಇನ್ನ ಮಾತಾಡಾಕ ಆಗಂಗಿಲ್ಲ ಅಂತ ಅವಸರದಾಗ...'

'ಆರಿಲ್ಲ?'

'ಯಾವುದೂ ಆರಿಲ್ಲ. ಇಬ್ಬರೂ ಚಂದ ಅದೀವಿ. ಒಲಿ ಮುಂದ ಕುಂತು ನಿನ್ನ ಶೇಂಗಾ ಚಟ್ನಿ ತಿನ್ನಾಕತ್ತೀವಿ.'

ಯಾರೋ ಜಾಗ ಬಿಟ್ಟರು, ಕೂತೆ. ನೀನು ಫೋನಿನ ಹತ್ತಿರ ಬಾಯಿ ತಂದು, 'ಅಮ್ಮಾ, ನಾ ಮುಂಜಾನೇನ ಹೇಳಿದ್ದೆ, ಅಜ್ಜಿ ಕೇಳಲೇ ಇಲ್ಲ' ಎಂದೆ.

'ಅಮ್ಮಾ, ದೀಪದ್ದು ಫೈಸಲಾ ಆತಲ್ಲ?' ಎಂದ ಕಂಡಕ್ಟರ್. 'ಇನ್ನ ಗಾಡಿ ಬಿಡ್ಲೇನ್ರಿ?' ಎಲ್ಲರೂ ನಕ್ಕರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ, ರಾಯಚೂರು ಬರುವವರೆಗೆ ತೆಗೆಯಲಿಲ್ಲ.

ಅವಳು ಊರಿಗೆ ಬಂದ ಮೇಲೆ ದೇವದುರ್ಗದ ಮನೆಯಲ್ಲಿ ಬೀಸುವ ಕಲ್ಲಿನ ಮುಂದೆ ಕೂತು ನನಗೆ ಆ ಸುಳಿಯನ್ನು ತೋರಿಸಿದಳು. ಮೇಲಿನ ಕಲ್ಲು ತಿರುಗುತ್ತದೆ, ಸುತ್ತ ಹಿಟ್ಟು ಸುರಿಯುತ್ತದೆ, ನಡುವಿನ ಗೂಟ ಅಲ್ಲಾಡುವುದಿಲ್ಲ. ಸುಳಿಯ ನಡುವೆಯೂ ಹಾಗೇ ನಿಶ್ಚಲವಂತೆ. ಸೂರ್ಯ ಸುಮ್ಮನಿದ್ದಾಗಲೂ ಅದು ಏಳಬಲ್ಲದು ಎಂಬುದೇ ಸೋಜಿಗವಂತೆ. 'ನಾವಿಬ್ಬರೂ ಹೊರಗ ನಿಂತು ಅಳಾಕತ್ತಿದ್ವಿ ಯವ್ವಾ, ಅಷ್ಟು ಚಂದ ಇತ್ತು' ಎಂದಳು. ಅದೇ ಹೊತ್ತಿಗೆ ನಾನು ಬೇವಿನ ಕಟ್ಟೆಯ ಮೇಲೆ ಇದ್ದೆ ಎಂದು ಹೇಳಲಿಲ್ಲ. ಮೈದುನನ ಮಾತನ್ನು ಮಾತ್ರ ಆ ದಿನ ಹೇಳಿದೆ. ಅವಳು ಕಲ್ಲಿನ ಹಿಡಿ ಬಿಟ್ಟು ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದಳು.

ಈ ಚಳಿಗಾಲ ಮತ್ತೆ ಹೋಗಿದ್ದಾಳೆ. ನಾನು ಮತ್ತೆ ರಾಯಚೂರಿನಲ್ಲಿದ್ದೇನೆ. ಮೊನ್ನೆ ಬಂದ ಸಂದೇಶವನ್ನು ನೀನೇ ಓದಿದೆ, ಈಗ ಅಕ್ಷರ ಕೂಡಿಸುವ ಕಷ್ಟವಿಲ್ಲ: 'ದೀಪ ದೊಡ್ಡದಾಗ್ಯದ. ಆರಿಲ್ಲ. ಒಲಿನೂ ಆರಿಲ್ಲ.'

ನನ್ನ ತೊಡೆಯ ಮೇಲಿದ್ದ ನಿನ್ನ ತಮ್ಮ ಕೇಳಿದ, 'ಅಜ್ಜಿ, ಆರೋದು ಅಂದ್ರ ಏನು?'

ನಾನು ಗೂಡಿನ ದೀಪದ ಕಡೆ ನೋಡಿದೆ. ಊದಿ ತೋರಿಸಿದರೆ ಮುಗಿಯುತ್ತಿತ್ತು. ಬಸ್ಸಿನ ನಡುವೆ ಆರಿತೇನು ಎಂದು ಕೂಗಿದ ಬಾಯಿ ಇದು, ಆದರೂ ಮನೆಯೊಳಗೆ ಆಗಲಿಲ್ಲ.

'ನಿಮ್ಮಮ್ಮ ಬರ್ಲಿ' ಎಂದೆ. 'ಆಕಿನ್ನ ಕೇಳು.'